ಜೂಮ್ ಎಚ್1ಎನ್ ರೆಕಾರ್ಡರ್: ಮುಖ ತೋರಿಸಬಾರದ ಸಾಕ್ಷ್ಯಚಿತ್ರಕ್ಕೆ ನಾವು ಬಳಸಿದ ಮಷಿನ್

ಹಾಡು ರೆಕಾರ್ಡ್ ಮಾಡಲಿಕ್ಕೆ, ಯೂಟ್ಯೂಬಿನಲ್ಲಿ ಮಾತಾಡಲಿಕ್ಕೆ ಒಂದು ರೆಕಾರ್ಡರ್ ಬೇಕಾಗಿದ್ದರೆ ಜೂಮ್ ಎಚ್1ಎನ್‌ಗಿಂತ ಒಳ್ಳೆಯವು ಈಗ ಸಿಗುತ್ತವೆ, ಅವನ್ನೇ ಕೊಳ್ಳಿ. ಮುಖ ತೋರಿಸಲಾಗದ, ಹೆಸರು ಹೇಳಲಾಗದ ಹೆಣ್ಣುಮಕ್ಕಳ ಎದುರು ಕೂತು ಅವರ ಮಾತು ಕೇಳುವ ಕೆಲಸ ನಿಮ್ಮದಾಗಿದ್ದರೆ ಈ ಹಳೆಯ ಮಷಿನ್ನೇ ತಗೊಳ್ಳಿ ಎನ್ನುತ್ತೇನೆ. ಯಾಕೆ ಎನ್ನುವುದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಯಾಕೆಂದರೆ ನಾವು ಹುಡುಕಿದಾಗ ಈ ದೃಷ್ಟಿಯಿಂದ ಬರೆದ ರಿವ್ಯೂ ಕನ್ನಡದಲ್ಲಿ ನಮಗೆ ಸಿಗಲಿಲ್ಲ. ವಿಡಿಯೊ ಕಾಲ್ ಮಾಡುವ ಜೂಮ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು 1983ರಲ್ಲಿ ಶುರುವಾದ ಜಪಾನಿನ ಕಂಪನಿ, ಸಂಗೀತ ಮತ್ತು ಧ್ವನಿಯ ಉಪಕರಣ ಮಾಡುತ್ತದೆ. ಎಚ್1ಎನ್ ಬಂದದ್ದು 2018ರಲ್ಲಿ.

ನಾವು ಮೂವರು, ಧಾರವಾಡದಲ್ಲಿ ಪತ್ರಿಕೋದ್ಯಮ ಎಂ.ಎ. ಓದುವವರು. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಸಾಕ್ಷ್ಯಚಿತ್ರ ಮಾಡಬೇಕಿತ್ತು. ನಾವು ಆರಿಸಿಕೊಂಡ ವಿಷಯ, ಜಾತ್ರೆಗಳಲ್ಲಿ ರೆಕಾರ್ಡ್ ಡ್ಯಾನ್ಸ್ (ಹಾಡು ಹಾಕಿ ಸ್ಟೇಜ್ ಮೇಲೆ ಕುಣಿಯುವುದು) ಮಾಡುವ ಹೆಣ್ಣುಮಕ್ಕಳು ಮತ್ತು ಹುಬ್ಬಳ್ಳಿಯಲ್ಲಿ ಲೈಂಗಿಕ ವೃತ್ತಿಯಲ್ಲಿರುವವರು. ವಿಷಯ ಕೇಳಿ ಒಬ್ಬರು "ಬ್ಯಾರೆ ಏನೂ ಸಿಗಲಿಲ್ಲೇನ್ರೀ ನಿಮಗ?" ಅಂದರು, ಇನ್ನೊಬ್ಬರು ಬಹಳ ಧೈರ್ಯ ಬಿಡವಾ ನಿಂದು ಅಂತ ಹೊಗಳಿದರು. ಎರಡೂ ನನಗೆ ಒಂದೇ ಥರ ಬೇಸರ ತಂದವು. ಹೊಟ್ಟೆಪಾಡಿಗೆ ದುಡಿಯುವವರ ಜತೆ ಕೂತು ಮಾತಾಡಲಿಕ್ಕೆ ಧೈರ್ಯ ಯಾಕೆ ಬೇಕು?

ಕ್ಯಾಮೆರಾ ಬಾಡಿಗೆಗೆ ಕೇಳಲು ಒಂದು ಅಂಗಡಿಗೆ ಹೋಗಿದ್ದೆವು. ಆಧಾರ್ ಕಾರ್ಡಿನ ಜೆರಾಕ್ಸ್ ಇಟ್ಟುಕೊಂಡು, ಡಿಪಾಸಿಟ್ ಎಣಿಸಿಕೊಂಡ ಮೇಲೆ, ಯಾವ ಪ್ರಾಜೆಕ್ಟ್ ಅಂತ ಕೇಳಿದರು. ಹೇಳಿದೆವು. ದುಡ್ಡು ತಿರುಗಿ ಕೊಟ್ಟು, "ನಮ್ಮ ಕ್ಯಾಮೆರಾ ಅಂಥಾ ಕಡೆ ಬ್ಯಾಡ್ರಿ" ಅಂದರು. ಅಂಗಡಿಯ ಹೆಸರು ಹೇಳುವುದಿಲ್ಲ, ಅವರೊಬ್ಬರದೇ ಮಾತೂ ಅಲ್ಲ ಅದು. ಆಮೇಲೆ ಸ್ನೇಹಿತನೊಬ್ಬನ ಮೂಲಕ ಈ ರೆಕಾರ್ಡರ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು, 4,500 ರೂಪಾಯಿಗೆ. ತಲಾ 1,500 ಹಾಕಿದೆವು. ಕ್ಯಾಮೆರಾ ಕಡೆಗೆ ಸಿಕ್ಕಿತು, ಆದರೆ ಅಷ್ಟರಲ್ಲಿ ಅರ್ಧ ಚಿತ್ರ ಧ್ವನಿಯಲ್ಲೇ ನಿಂತಿತ್ತು.

ಮಷಿನ್ನಿನ ದೊಡ್ಡ ಗುಣ ಅದರೊಳಗೆ ಏನಿಲ್ಲವೋ ಅದರಲ್ಲಿದೆ. ಲೆನ್ಸ್ ಇಲ್ಲ. ಸಿಮ್ ಇಲ್ಲ. ವೈಫೈ, ಬ್ಲೂಟೂತ್ ಯಾವುದೂ ಇಲ್ಲ. ರೆಕಾರ್ಡ್ ಆದದ್ದು ಒಂದು ಮೈಕ್ರೊ ಎಸ್‌ಡಿ ಕಾರ್ಡಿಗೆ ಹೋಗಿ ಕೂಡುತ್ತದೆ, ಕಾರ್ಡ್ ತೆಗೆದರೆ ಮಷಿನ್ ಖಾಲಿ. ಮೊಬೈಲಿನಲ್ಲೂ ಧ್ವನಿ ಚೆನ್ನಾಗಿಯೇ ಬರುತ್ತದೆ, ಇದಕ್ಕೆ ದುಡ್ಡು ಯಾಕೆ ಸುರಿಯಬೇಕು ಎಂದು ನಮ್ಮ ಬ್ಯಾಚಿನವರೇ ಕೇಳಿದರು. ಮೊಬೈಲ್ ಎತ್ತಿದ ಕೂಡಲೇ ಆ ಹೆಣ್ಣುಮಕ್ಕಳ ಮುಖ ಹೇಗಾಗುತ್ತದೆ ಎಂದು ನೋಡಿದವರು ಆ ಪ್ರಶ್ನೆ ಕೇಳಲಾರರು. ಗಿರಾಕಿಗಳು ಕದ್ದು ವಿಡಿಯೊ ಮಾಡಿ ಹೆದರಿಸಿದ್ದನ್ನು, ರೇಡ್ ಆದ ದಿನ ಸೆರಗು ಮುಚ್ಚಿಕೊಂಡು ಓಡುವಾಗ ಹಿಂದೆ ಮೊಬೈಲ್ ಹಿಡಿದವರು ಓಡಿದ್ದನ್ನು ಅವರು ಕಂಡವರು. ಮೇಲಾಗಿ ಮೊಬೈಲಿನಲ್ಲಿ ಮಾಡಿದ್ದು ನಮಗೆ ಗೊತ್ತಿಲ್ಲದಂತೆ ಕ್ಲೌಡಿಗೆ ಹೋಗಿರಬಹುದು, ಯಾವ ಜಾಗದಲ್ಲಿ ತೆಗೆದದ್ದು ಎಂಬುದೂ ಜತೆಗೇ ಹೋಗಿರಬಹುದು.

ಮೊದಲ ದಿನ ಒಬ್ಬರು ಮಷಿನ್ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಇದರಾಗ ಫೋಟೋ ಬರ್ತೈತೇನವಾ?" ಇಲ್ಲ ಅಕ್ಕಾರ, ಬರೇ ದನಿ ಅಂದೆ. "ಇಲ್ಲಿಂದ ಎಲ್ಲಿಗರೆ ಹೋಗ್ತೈತೇನು?" ಇಲ್ಲರಿ, ಈ ಕಾರ್ಡಿನಾಗ ಇರತೈತಿ ಅಂತ ಕಾರ್ಡ್ ತೆಗೆದು ಅವರ ಅಂಗೈ ಮೇಲಿಟ್ಟೆ. ಉಗುರಿನಷ್ಟು ದೊಡ್ಡದು. ಅದನ್ನು ನೋಡುತ್ತ, "ಹಂಗಾರ ಇದು ನಿನ್ನ ಕಡೆ ಯಾಕಿರಬೇಕು, ನಮ್ಮ ಕಡೆ ಇರಲಿ" ಅಂದರು. ಅವತ್ತಿನಿಂದ ಅದೇ ನಮ್ಮ ನಿಯಮವಾಯಿತು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್, ಮೇಲೆ ಹೆಸರಿಲ್ಲ, ಬಣ್ಣದ ಟಿಕಳಿ, ಅಂದರೆ ಹಣೆಗೆ ಅಂಟಿಸುವ ಬಿಂದಿ. ಹಸಿರು ಟಿಕಳಿಯವರು, ಕೆಂಪು ಟಿಕಳಿಯವರು ಅಂತಲೇ ನಾವು ನಮ್ಮೊಳಗೆ ಕರೆಯುತ್ತಿದ್ದದ್ದು. ಎಡಿಟಿಂಗಿಗೆ ಬೇಕಾದಾಗ ಕೇಳಿ ತಂದು, ಕೆಲಸ ಮುಗಿಸಿ ಅವರಿಗೇ ಕೊಡುತ್ತಿದ್ದೆವು. ಒಪ್ಪಿಗೆಯನ್ನೂ ಕಾಗದದ ಮೇಲೆ ಸಹಿ ಹಾಕಿಸಿ ಇಟ್ಟುಕೊಳ್ಳಲಿಲ್ಲ, ಹೆಸರು ಬರೆದ ಕಾಗದವೇ ನಾಳೆ ಇನ್ನೊಬ್ಬರ ಕೈಗೆ ಸಿಕ್ಕಬಹುದಲ್ಲ. ಅದನ್ನೂ ದನಿಯಲ್ಲೇ ಹೇಳಿಸಿ ಅದೇ ಕಾರ್ಡಿನಲ್ಲಿ ಇಟ್ಟೆವು.

ಮುಖ ತೋರಿಸದಿರುವುದು ನಮ್ಮ ಸೌಜನ್ಯ ಎಂದು ಯಾರೂ ತಿಳಿಯಬಾರದು. 2022ರ ಮೇ 19ರಂದು ಬುದ್ಧದೇವ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಈ ಕೆಲಸ ಮಾಡುವ ಪ್ರತಿ ವಿದ್ಯಾರ್ಥಿಯ ಕೈಯಲ್ಲಿರಬೇಕು. ಲೈಂಗಿಕ ವೃತ್ತಿಯಲ್ಲಿರುವವರನ್ನು ಪೊಲೀಸರು ಘನತೆಯಿಂದ ನಡೆಸಿಕೊಳ್ಳಬೇಕು, ಬಂಧನ, ದಾಳಿ, ರಕ್ಷಣೆಯ ವೇಳೆ ಅವರ ಗುರುತು ಬಯಲಾಗದಂತೆ ಮಾಧ್ಯಮಗಳು ಎಚ್ಚರ ವಹಿಸಬೇಕು ಎಂದು ಅದರಲ್ಲಿದೆ. ಇನ್ನೊಂದು ಸಂಗತಿ ನಮ್ಮ ವಿಭಾಗದಲ್ಲೇ ಬಹಳ ಮಂದಿಗೆ ಗೊತ್ತಿರಲಿಲ್ಲ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ವೇಶ್ಯಾಗೃಹ ನಡೆಸುವುದು, ಇನ್ನೊಬ್ಬರ ಗಳಿಕೆಯ ಮೇಲೆ ಬದುಕುವುದು, ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು ಅಪರಾಧ. ವಯಸ್ಸಿಗೆ ಬಂದ ಹೆಣ್ಣುಮಗಳು ತನ್ನಿಷ್ಟದಿಂದ ಈ ವೃತ್ತಿಯಲ್ಲಿರುವುದೇ ಅಪರಾಧವಲ್ಲ. ನಾವು ಮಾತಾಡಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು, ಸೆಕ್ಷನ್ ನಂಬರ್ ಸಮೇತ.

ಇನ್ನು ಮಷಿನ್ ಹೇಗೆ ಕೆಲಸ ಮಾಡುತ್ತದೆ ಎನ್ನುವುದು. ನಡುವೆ ದೊಡ್ಡ ದುಂಡನೆಯ ರೆಕಾರ್ಡ್ ಗುಂಡಿ ಇದೆ. ಒಮ್ಮೆ ಒತ್ತಿದರೆ ಕೆಂಪು ದೀಪ ಹತ್ತಿ ಶುರು, ಮತ್ತೊಮ್ಮೆ ಒತ್ತಿದರೆ ಬಂದ್. ಕನ್ನಡ ಓದಲು ಬಾರದವರಿಗೂ ಇದನ್ನು ಹೇಳಿಕೊಡಲು ಒಂದು ನಿಮಿಷ ಸಾಕು. ನಾವು ಮಾತಾಡುತ್ತಿದ್ದದ್ದು ಎಚ್‌ಐವಿ ತಡೆ ಕಾರ್ಯಕ್ರಮದ ಡ್ರಾಪ್ ಇನ್ ಸೆಂಟರಿನ (ಈ ಹೆಣ್ಣುಮಕ್ಕಳು ಬಂದು ಕೂಡುವ ಕೇಂದ್ರ) ಒಳಕೋಣೆಯಲ್ಲಿ, ಅಲ್ಲಿನ ಪೀರ್ ಎಜುಕೇಟರ್ (ಅವರ ನಡುವಿನಿಂದಲೇ ಬಂದು ತಿಳಿವಳಿಕೆ ಕೊಡುವವರು) ಅಕ್ಕನೂ ಜತೆಗಿರುತ್ತಿದ್ದರು. ಮಷಿನ್ ನನ್ನ ಹತ್ತಿರ ಇರುತ್ತಿರಲಿಲ್ಲ, ಮಾತಾಡುವವರ ಮುಂದೆ ಇರುತ್ತಿತ್ತು. ಬೇಕಾದಾಗ ಅವರೇ ಒತ್ತುವರು, ಬೇಡಾದಾಗ ಅವರೇ ಬಂದ್ ಮಾಡುವರು. ಒಬ್ಬರು ಮಗಳ ಸಾಲಿಯ ವಿಷಯ ಬಂದಾಗಲೆಲ್ಲ ಗುಂಡಿ ಒತ್ತಿ ಬಂದ್ ಮಾಡಿ, ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಮತ್ತೆ ಒತ್ತುತ್ತಿದ್ದರು. ಆ ಮಾತುಗಳು ಯಾವ ಕಾರ್ಡಿನಲ್ಲೂ ಇಲ್ಲ. ಬೆರಳು ತಾಕಿದ ಟಕ್ ಸಪ್ಪಳ ಮಾತ್ರ ಇದೆ, ಚಿತ್ರದಲ್ಲಿ ಅದನ್ನು ಹಾಗೇ ಉಳಿಸಿದ್ದೇವೆ.

ಹಿಂದೆ ಒಂದು ಪುಟ್ಟ ಸ್ಪೀಕರ್ ಇದೆ. ಇದನ್ನು ರಿವ್ಯೂ ಮಾಡುವವರು ಹೆಚ್ಚಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ದನಿ ಸಣ್ಣದು, ತಗಡಿನ ಹಾಗೆ ಕೇಳುತ್ತದೆ ಅನ್ನುತ್ತಾರೆ. ನಿಜ. ನಮಗೆ ಮಾತ್ರ ಇದೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಮಾತು ಮುಗಿದ ಕೂಡಲೇ ಅಲ್ಲೇ ಕೂತು ಇಡೀ ರೆಕಾರ್ಡಿಂಗ್ ಕೇಳಿಸುತ್ತಿದ್ದೆವು. ಕೆಂಪು ಟಿಕಳಿಯವರು ತಮ್ಮ ದನಿ ಮೊದಲ ಸಲ ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಂಡು, "ನಾ ಹಿಂಗ ಮಾತಾಡತೇನಾ? ನಮ್ಮ ಅವ್ವನ ದನಿ ಆಗೇತಲ್ಲ" ಅಂದರು. ಆಮೇಲೆ ಗಂಭೀರವಾಗಿ ಕೂತು ಕೇಳಿದರು. ಒಂದು ಕಡೆ "ಹಾಂ, ತಡಿ. ಇದು ಬ್ಯಾಡ. ಈ ಲಾಡ್ಜಿನ ಮಾತು ತಗಿ, ಅಲ್ಲಿ ಕೆಲಸಾ ಮಾಡೋ ಹುಡುಗನ ಹೊಟ್ಟಿ ಮ್ಯಾಲ ಕಲ್ಲು ಬೀಳತೈತಿ" ಅಂದರು. ತಮ್ಮ ವಿಷಯಕ್ಕಲ್ಲ, ಆ ಹುಡುಗನ ವಿಷಯಕ್ಕೆ. ಅಳಿಸುವ ಗುಂಡಿಯನ್ನು ಅವರ ಬೆರಳಿನಿಂದಲೇ ಒತ್ತಿಸಿದೆವು. ಇಲ್ಲಿ ಒಂದು ಎಚ್ಚರ: ಹೀಗೆ ಅಳಿಸಿದ ಫೈಲನ್ನು ಸಾಫ್ಟ್‌ವೇರ್ ಹಾಕಿ ತಿರುಗಿ ತೆಗೆಯಲು ಸಾಧ್ಯ. ಅದರ ಮೇಲೆ ಬೇರೆ ಏನಾದರೂ ತುಂಬಿದರೇ ಅದು ಹೋದ ಹಾಗೆ. ಆದ್ದರಿಂದ ಅಳಿಸಿದ ಮೇಲೆ ಕಾರ್ಡ್ ತುಂಬುವಷ್ಟು ಹೊತ್ತು ಖಾಲಿ ಕೋಣೆಯಲ್ಲಿ ಮಷಿನ್ ಓಡಲು ಬಿಟ್ಟು, ಆಮೇಲೆ ಆ ಖಾಲಿ ಫೈಲನ್ನು ಅಳಿಸುತ್ತಿದ್ದೆವು. ಇದಕ್ಕಾಗಿಯೇ ಸಣ್ಣ ಕಾರ್ಡ್ ತಗೊಳ್ಳಿ, 4 ಜಿಬಿ ಸಿಕ್ಕರೆ ಬಹಳ ಒಳ್ಳೆಯದು.

ಕೇಳುವ ಪ್ರಶ್ನೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ಇದು ಮಷಿನ್ನಿಗೆ ಸೇರಿದ್ದಲ್ಲದಿದ್ದರೂ. ಹೊರಗಿನಿಂದ ಉತ್ತರ ಕರ್ನಾಟಕಕ್ಕೆ ಕ್ಯಾಮೆರಾ ಹಿಡಿದು ಬರುವವರೆಲ್ಲ ದೇವದಾಸಿ ಪದ್ಧತಿಯ ಜತೆ ಹೆಸರು ಅಂಟಿಕೊಂಡ ಎಲ್ಲಮ್ಮನ ಗುಡ್ಡದಿಂದಲೇ ಶುರು ಮಾಡುತ್ತಾರೆ. "ಬಂದವರೆಲ್ಲಾ ಮೊದಲ ಕೇಳೋದು ಮುತ್ತು ಕಟ್ಟ್ಯಾರೇನು ನಿಮಗ ಅಂತ. ಇಲ್ಲ ಅಂದ್ರ ಅವರ ಮಾರಿ ಸಣ್ಣ ಆಗತೈತಿ" ಅಂದರು ಹಸಿರು ಟಿಕಳಿಯವರು. ಮುತ್ತು ಕಟ್ಟುವುದೆಂದರೆ ದೇವದಾಸಿಯಾಗಿ ಬಿಡುವುದು. ಹಾಗೆ ಬಿಡುವುದನ್ನು 1982ರ ಕಾಯ್ದೆಯಲ್ಲೇ ರಾಜ್ಯ ನಿಷೇಧಿಸಿತ್ತು. ಆ ನೋವು ಸುಳ್ಳಲ್ಲ, ಆ ಕಥೆ ಹೇಳಬೇಕಾದವರು ಇದ್ದಾರೆ. ಇವರು ಮಾತ್ರ ಗಂಡ ಬಿಟ್ಟು ಹೋದ ಮೇಲೆ ಮನೆ ಬಾಡಿಗೆ, ಗ್ಯಾಸ್, ಸ್ವಸಹಾಯ ಸಂಘದ ಕಂತು ಎಂದು ಲೆಕ್ಕ ಹಾಕಿ ಈ ಕೆಲಸಕ್ಕೆ ಬಂದವರು, ಆ ಲೆಕ್ಕವನ್ನು ಬೆರಳು ಮಡಿಸಿ ಹೇಳಿದರು. ಮಷಿನ್ನಿನಲ್ಲಿ ಬಳೆ ಸಪ್ಪಳದ ಜತೆ ಬಂದಿರುವ ಆ ಲೆಕ್ಕ ನಮ್ಮ ಚಿತ್ರದ ಅತ್ಯಂತ ಬಲವಾದ ಭಾಗ ಎಂದು ನಾನು ನಂಬಿದ್ದೇನೆ.

ಆದರೆ ಆ ಬಳೆ ಸಪ್ಪಳವೂ ಗುರುತು ಹೇಳೀತು ಎಂದು ಅದನ್ನೇ ಕಡೆಗೆ ಚಿತ್ರದಿಂದ ತೆಗೆಯಬೇಕಾಯಿತು. ಎಚ್1ಎನ್ ಮೈಕುಗಳು ಎರಡು, 90 ಡಿಗ್ರಿಯಲ್ಲಿ ಒಂದಕ್ಕೊಂದು ಅಡ್ಡ ಕೂತಿವೆ. ಮಾತಿನ ಸುತ್ತಲಿನ ಜಾಗವನ್ನೆಲ್ಲ ಎಡ ಬಲ ಸಮೇತ ಹಿಡಿಯುತ್ತವೆ. ಸಂಗೀತಕ್ಕೆ ಇದು ವರ. ಗುರುತು ಮುಚ್ಚಬೇಕಾದ ಕಡೆ ಇದೇ ಅಪಾಯ. ಹೊರಗೆ ಹೋಗುವ ಕಾಯಿಪಲ್ಯೆಯವನ ಕೂಗು, ಯಾವ ಗುಡಿಯ ಗಂಟೆ, ಎಷ್ಟು ದೂರದ ಮಸೀದಿಯ ಬಾಂಗ್, ಪಕ್ಕದ ಹಿಟ್ಟಿನ ಗಿರಣಿ ಎಲ್ಲ ಸ್ಪಷ್ಟ. ಹುಬ್ಬಳ್ಳಿಯಲ್ಲೇ ಬೆಳೆದ ನಮ್ಮ ಗೆಳೆಯ ಒಂದು ರೆಕಾರ್ಡಿಂಗ್ ಕೇಳಿ ಓಣಿಯ ಹೆಸರು ಹೇಳಿಬಿಟ್ಟ. ಅಂದೇ ಕೋಣೆ ಬದಲಿಸಿದೆವು. ಕಿಟಕಿಗೆ ಕೌದಿ ಕಟ್ಟಿ, ಮಷಿನ್ನಿಗೂ ಬಾಯಿಗೂ ಒಂದು ಗೇಣು ಅಂತರ ಇಟ್ಟು, ಲೆವೆಲ್ (ಮೈಕ್ ದನಿ ಹಿಡಿಯುವ ಮಟ್ಟ) ಇಳಿಸಿದರೆ ಹೊರಗಿನದು ಬಹಳ ಕಡಿಮೆಯಾಗುತ್ತದೆ. ಮುಂಭಾಗದಲ್ಲಿರುವ ತಿರುಗಿಸುವ ಗಾಲಿಯಿಂದ ಲೆವೆಲ್ ಹೊಂದಿಸಬಹುದು, ಮಾತಿನ ಎತ್ತರ ಮೀಟರಿನಲ್ಲಿ ಮೈನಸ್ 12 ಡೆಸಿಬಲ್‌ನ ಆಜುಬಾಜು ಆಡುವಂತಿರಲಿ. ಫ್ಯಾನಿನ ಗುಂಯ್ ಸದ್ದಿಗೆ ಲೋ ಕಟ್ (ಕೆಳ ಶ್ರುತಿಯ ಸದ್ದು ಕತ್ತರಿಸುವ ಸೌಲಭ್ಯ) ಇದೆ, 80, 120, 160 ಹರ್ಟ್ಸ್ ಎಂದು ಮೂರು ಹಂತ. ಹೆಂಗಸರ ಮಾತಿಗೆ ನಮಗೆ 120 ಹಿತವೆನಿಸಿತು. ಮಷಿನ್ನನ್ನು ಕೈಯಲ್ಲಿ ಹಿಡಿದು ರೆಕಾರ್ಡ್ ಮಾಡಬೇಡಿ. ಇಷ್ಟು ಹಗುರದ ಪ್ಲಾಸ್ಟಿಕ್ ಮೈಯಲ್ಲಿ ಬೆರಳು ಸರಿದದ್ದೂ ದೊಡ್ಡದಾಗಿ ಕೇಳುತ್ತದೆ. ಮಡಿಸಿದ ಟವೆಲ್ ಮೇಲಿಡಿ, ಅಥವಾ ಬೆನ್ನಿಗಿರುವ ಸ್ಕ್ರೂ ತೂತಿಗೆ ಸಣ್ಣ ಟ್ರೈಪಾಡ್ ಹಚ್ಚಿ.

ದನಿಯ ಗುರುತು ಮುಚ್ಚಲು ಎಲ್ಲರೂ ಮಾಡುವುದು ಪಿಚ್ (ದನಿಯ ಶ್ರುತಿ) ಏರಿಸುವುದು, ಇಳಿಸುವುದು. ನಾವು ಅದನ್ನು ಬಿಟ್ಟೆವು. ಇಳಿಸಿದ ಪಿಚ್ಚನ್ನು ಯಾರು ಬೇಕಾದರೂ ಮತ್ತೆ ಏರಿಸಿ ಕೇಳಬಹುದು, ಪುಕ್ಕಟೆ ಸಿಗುವ ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲೇ ಆಗುತ್ತದೆ. ಅದೂ ಅಲ್ಲದೆ ದಪ್ಪ ದನಿಯಾದ ಕೂಡಲೇ ಮಾತಾಡುವವರು ಅಪರಾಧಿಯಂತೆ ಕೇಳುತ್ತಾರೆ. ಅವರ ಒಪ್ಪಿಗೆ ಪಡೆದು, ಅವರ ಮಾತುಗಳನ್ನೇ ಧಾರವಾಡದ ಹವ್ಯಾಸಿ ನಾಟಕದ ಇಬ್ಬರು ಹೆಣ್ಣುಮಕ್ಕಳಿಂದ ಹೇಳಿಸಿದೆವು. ಮೂಲ ರೆಕಾರ್ಡಿಂಗ್ ಕಿವಿಗೆ ಹಾಕಿಕೊಂಡು, ಎಲ್ಲಿ ಉಸಿರು ತಗೊಂಡರು, ಎಲ್ಲಿ ಸುಮ್ಮನಾದರು ಎಂಬುದನ್ನೆಲ್ಲ ಹಾಗೇ ಹಿಡಿದು ಹೇಳಿದರು. ಮೊದಲೇ ಮೂಲ ದನಿ ಸ್ವಚ್ಛವಾಗಿ ಸಿಕ್ಕಿದ್ದರಿಂದ ಇದು ಆಯಿತು. ಹೇಳಿದವರು ಬೇರೆ ಎಂದು ಚಿತ್ರದ ಶುರುವಿಗೇ ಬರೆದಿದ್ದೇವೆ.

ಜಾತ್ರೆಯ ರೆಕಾರ್ಡ್ ಡ್ಯಾನ್ಸ್ ಕಡೆ ಬಂದರೆ ಲೆಕ್ಕವೇ ಬೇರೆ. ಅಲ್ಲಿ ಸ್ಪೀಕರ್ ಸಾಲು ಎದೆ ನಡುಗಿಸುತ್ತದೆ. ಈ ಮಷಿನ್ 120 ಡೆಸಿಬಲ್ ತನಕ ತಡೆಯುತ್ತದೆ ಎಂದು ಕಂಪನಿ ಹೇಳುತ್ತದೆ. ಸ್ಟೇಜಿನ ಎದುರಿಗೆ ನಿಲ್ಲದೆ ಸ್ಪೀಕರ್ ಸಾಲಿನ ಹಿಂದೆ ಹೋಗಿ, ಲಿಮಿಟರ್ (ದನಿ ಮಿತಿ ಮೀರದಂತೆ ತಡೆಯುವ ಸೌಲಭ್ಯ) ಹಾಕಿ, ಲೆವೆಲ್ ತೀರ ಕೆಳಗಿಟ್ಟರೆ ದನಿ ಒಡೆಯದೆ ಬರುತ್ತದೆ. ಗಾಳಿಯ ಸದ್ದಿಗೆ ಮೈಕಿನ ಮೇಲೆ ಹಾಕುವ ಫೋಮ್ ಟೋಪಿ ಸಾಲದು, ರೋಮದ ಟೋಪಿಯೇ ಬೇಕು.

ಆದರೆ ನಮಗೆ ಚಿತ್ರ ಸಿಕ್ಕಿದ್ದು ಸ್ಟೇಜಿನ ಹಿಂದೆ. ತಾಡಪತ್ರಿ ಕಟ್ಟಿದ ಒಂದು ಮೂಲೆ, ಅದೇ ಡ್ರೆಸ್ಸಿಂಗ್ ರೂಮ್. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ನಿರೂಪಕ ಜೋಕು ಹೇಳುತ್ತಿರುತ್ತಾನೆ, ಅಷ್ಟರಲ್ಲಿ ಇವರು ಉಡುಪು ಬದಲಿಸಬೇಕು. ಕ್ಯಾಮೆರಾ ಒಳಗೆ ಹೋಗುವ ಮಾತೇ ಇಲ್ಲ, ಹೋಗಲೂಬಾರದು. ಅವರೇ ರೆಕಾರ್ಡರನ್ನು ಒಳಗೊಯ್ದು ಬಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡರು. ಹುಕ್ಕು ಬಿಚ್ಚುವ ಸಪ್ಪಳ, ಬಾಯಲ್ಲಿ ಪಿನ್ನು ಕಚ್ಚಿಕೊಂಡೇ "ಇನ್ನೊಂದು ಕೊಡ, ಲಗೂನ ಕೊಡ" ಅನ್ನುವುದು, ಬಾಟ್ಲಿಯ ಮುಚ್ಚಳ, ಎರಡು ಗುಟುಕು ನೀರು, ಏದುಸಿರು, "ಕಾಲಿಗೆ ಮೊಳಿ ತಾಗೇತಿ", "ಆಮ್ಯಾಲ ನೋಡೋಣು, ಹಾಡು ಬಂತು", ತಾಡಪತ್ರಿ ಸರಿದ ಸದ್ದು, ಅದರ ಹಿಂದೆಯೇ ಸಾವಿರಾರು ಗಂಡಸರ ಸಿಳ್ಳೆ. ಜನ ದುಡ್ಡು ಎಸೆದು ನೋಡುವ ಮೈಯ ಕೆಲಸ ಏನು ಎಂಬುದು ಆ ದನಿಯಲ್ಲಿದೆ. ಪರದೆ ಮೇಲೆ ಆಗ ಬರೇ ಕಪ್ಪು ಇಟ್ಟಿದ್ದೇವೆ.

ಈ ನರ್ತಕಿಯರಲ್ಲಿ ಒಬ್ಬರು ಮುಖ ಮುಚ್ಚಲು ಒಪ್ಪಲಿಲ್ಲ. "ಇಡೀ ಜಾತ್ರಿ ಮಂದಿ ನನ್ನ ನೋಡ್ಯಾರ. ನಿಮ್ಮ ಪಿಚ್ಚರದಾಗ ಅಷ್ಟ ಯಾಕ ಮುಚ್ಚತೀರಿ? ಕುಣಿಯಾಕಿ ಅನ್ನಾಕ ನನಗೇನ ನಾಚಿಕಿ ಇಲ್ಲ" ಅಂದರು. ಜತೆಗೆ ಇನ್ನೊಂದು ಷರತ್ತು: ಧಂದೆ ಮಾಡುವವರ ಜತೆ ಒಂದೇ ಚಿತ್ರದಲ್ಲಿ ತಮ್ಮನ್ನು ತೋರಿಸಬಾರದು, ಜನ ಮೊದಲೇ ಎರಡನ್ನೂ ಒಂದು ಮಾಡಿದ್ದಾರೆ, ನೀವೂ ಮಾಡಬೇಡಿ. ಅವರ ಮಾತು ಸರಿಯಿತ್ತು. ಸ್ಟೇಜ್ ಮೇಲೆ ಕುಣಿಯುವುದು ಬೇರೆ ದುಡಿಮೆ, ಅದು ಬೇರೆ ದುಡಿಮೆ. ನಾವು ಎರಡು ಬಿಡಿ ಚಿತ್ರ ಮಾಡಿದೆವು, ಬಿಡಿಬಿಡಿಯಾಗಿ ತೋರಿಸುತ್ತೇವೆ. ಮುಖ ತೋರಿಸುತ್ತೇನೆ ಎಂದವರ ಮುಖವನ್ನು ಸಂತೋಷದಿಂದ ತೋರಿಸಿದ್ದೇವೆ.

ವಯಸ್ಸಾದ ಇನ್ನೊಬ್ಬರು ಮುಂಬೈ ಕಡೆ ಬಾರಿನಲ್ಲಿ ಕುಣಿದು ಬಂದವರು. 2005ರಲ್ಲಿ ಮಹಾರಾಷ್ಟ್ರ ಸರಕಾರ ಡ್ಯಾನ್ಸ್ ಬಾರ್ ಬಂದ್ ಮಾಡಿತು. 2006ರಲ್ಲಿ ಬಾಂಬೆ ಹೈಕೋರ್ಟ್ ಆ ನಿಷೇಧ ರದ್ದು ಮಾಡಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ಎತ್ತಿ ಹಿಡಿಯಿತು. ಸರಕಾರ 2016ರಲ್ಲಿ ಮತ್ತೊಂದು ಕಾಯ್ದೆ ತಂದಿತು, 2019ರ ಜನವರಿಯಲ್ಲಿ ಅದರ ಹಲವು ಷರತ್ತುಗಳನ್ನು ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಇದನ್ನೆಲ್ಲ ಅವರಿಗೆ ಓದಿ ಹೇಳಿದಾಗ, "ಕೋರ್ಟಿನವರು ಕುಣೀರಿ ಅನ್ನೂದ್ರಾಗ ನನ್ನ ಮೊಣಕಾಲು ಹೋಗಿದ್ವು" ಅಂದರು. ಅದು ನಮ್ಮ ರೆಕಾರ್ಡರಿನಲ್ಲಿ ಬಂದಿರುವ ರೀತಿ, ಕೊನೆಗೆ ಮಂಚ ಕಿರ್ ಅನ್ನುವುದರ ತನಕ, ಯಾವ ಮೊಬೈಲೂ ಹಿಡಿಯುತ್ತಿರಲಿಲ್ಲ.

ಉಳಿದ ವಿಷಯ ಬೇಗ ಹೇಳುತ್ತೇನೆ. ಎರಡು ಟ್ರಿಪಲ್ ಎ ಸೆಲ್ ಸಾಕು, ಕಂಪನಿಯ ಲೆಕ್ಕದಲ್ಲಿ ಹತ್ತು ತಾಸು. ಜಾತ್ರೆಯ ಪಾನ್ ಅಂಗಡಿಯಲ್ಲೂ ಸೆಲ್ ಸಿಗುತ್ತದೆ ಎನ್ನುವುದು ದೊಡ್ಡ ಅನುಕೂಲ. ಕಾರ್ಡ್ 32 ಜಿಬಿ ತನಕ ಹಿಡಿಯುತ್ತದೆ. ವಿಡಿಯೊ ಜತೆ ಹೊಂದಿಸಲು ರೆಕಾರ್ಡಿಂಗ್ ಸೆಟ್ಟಿಂಗನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಡಿ, ತಾಸಿಗೆ ಸುಮಾರು ಒಂದು ಜಿಬಿ ಆಗುತ್ತದೆ. ಕಾರ್ಡ್ ಅಗ್ಗಕ್ಕೆ ಕೊಡುವವರ ಬಗ್ಗೆ ಹುಷಾರು. ಒಂದು ಕಡೆ ತಂದ ಕಾರ್ಡ್ ಮೇಲೆ ಬರೆದಷ್ಟು ಜಾಗವೇ ಒಳಗಿರಲಿಲ್ಲ, ಮೊದಲು ಪೂರ್ತಿ ತುಂಬಿಸಿ ನೋಡಿದ್ದಕ್ಕೆ ಗೊತ್ತಾಯಿತು. ದೊಡ್ಡ ಮೈಕ್ ಸಿಕ್ಕಿಸುವ ಎಕ್ಸ್‌ಎಲ್‌ಆರ್ ಜಾಗ ಇದರಲ್ಲಿಲ್ಲ, 3.5 ಎಂ.ಎಂ. ತೂತು ಮಾತ್ರ, ಕಾಲರ್ ಮೈಕಿಗೆ ಅದು ಸಾಕು. ಫೈಲಿನ ಜತೆ ತಾರೀಕು, ವೇಳೆ ಕೂತಿರುತ್ತದೆ, ಯಾರಿಗಾದರೂ ಕೊಡುವ ಮುಂಚೆ ಅದನ್ನೂ ತೆಗೆಯಿರಿ.

2024ರಲ್ಲಿ ಇದರ ಮುಂದಿನ ಮಾದರಿ ಎಚ್1 ಎಸೆನ್ಷಿಯಲ್ ಬಂದಿದೆ, ತೀರ ಸಣ್ಣ, ತೀರ ದೊಡ್ಡ ದನಿ ಎರಡನ್ನೂ ಹಿಡಿಯುವ 32 ಬಿಟ್ ಫ್ಲೋಟ್ ರೆಕಾರ್ಡಿಂಗ್ ಇರುವುದರಿಂದ ಲೆವೆಲ್ ಹೊಂದಿಸುವ ತಾಪತ್ರಯವಿಲ್ಲ. ಜಾತ್ರೆ, ನಾಟಕ, ಭಜನೆ ಹೆಚ್ಚು ಮಾಡುವವರು, ಹೊಸದು ಕೊಳ್ಳುವ ಶಕ್ತಿ ಇದ್ದವರು ಅದನ್ನು ನೋಡಿ. ಕೋಣೆಯಲ್ಲಿ ಕೂತು ಒಬ್ಬರ ಮಾತು ಕೇಳುವ ಕೆಲಸಕ್ಕೆ ಸೆಕೆಂಡ್ ಹ್ಯಾಂಡ್ ಎಚ್1ಎನ್ ಸಿಕ್ಕರೆ ಬಿಡಬೇಡಿ. ಕೊಳ್ಳುವಾಗ ರೆಕಾರ್ಡ್ ಗುಂಡಿ ಸಲೀಸಾಗಿ ಒತ್ತುತ್ತದೆಯೇ, ಸ್ಪೀಕರ್ ಮಾತಾಡುತ್ತದೆಯೇ, ಸೆಲ್ ಬಾಗಿಲು ಗಟ್ಟಿ ಕೂಡುತ್ತದೆಯೇ, ಇಷ್ಟು ನೋಡಿಕೊಳ್ಳಿ.

ನಮ್ಮ ಪ್ರಾಜೆಕ್ಟ್ ಮುಗಿದಿದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ವಿದ್ಯಾರ್ಥಿಗಳಿಗೆ ಇಂಥದೇ ಕೆಲಸಕ್ಕೆ ಬೇಕಾದರೆ ಮಷಿನ್, ರೋಮದ ಟೋಪಿ, ಸಣ್ಣ ಟ್ರೈಪಾಡ್ ಮೂರನ್ನೂ ಪುಕ್ಕಟೆ ಕೊಡುತ್ತೇವೆ, ಡಿಪಾಸಿಟ್ ಬೇಡ. ಸೆಲ್ ಮತ್ತು ಕಾರ್ಡ್ ನೀವೇ ತರಬೇಕು. ನಮ್ಮ ಕಾರ್ಡುಗಳು ನಮ್ಮ ಹತ್ತಿರ ಇಲ್ಲ, ಅವು ಯಾರ ಮಾತೋ ಅವರ ಹತ್ತಿರ ಇವೆ.